ಕಡಲು ದಾಟಿ ಬಂದ ಕುದುರೆ, ಒಡಲು ಕಾಯುವ ಮರಿ

ವಿಜಯನಗರದ ಅರಸ ಸಾಳುವ ನರಸಿಂಹ ಕುದುರೆ ಕೊಳ್ಳುತ್ತಿದ್ದ ಬಗೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿಟ್ಟಿದ್ದಾನೆ. ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್‌ನಿಂದ ಹಡಗೇರಿದ ಕುದುರೆ ಬದುಕಿ ಬಂದರೂ ಸರಿ, ದಾರಿಯಲ್ಲಿ ಸತ್ತರೂ ಸರಿ, ಅರಸ ಹಣ ಕೊಡುತ್ತಿದ್ದ. ಸಾವಿರ ಪರ್ದಾವ್‌ಗೆ ಮೂರು ಕುದುರೆ ಎಂಬುದು ದರ. ಪರ್ದಾವ್ ಎಂದರೆ ನಮ್ಮ ಚಿನ್ನದ ವರಹಕ್ಕೆ ಪೋರ್ಚುಗೀಸರು ಇಟ್ಟ ಹೆಸರು. ಕಡಲಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ಒಪ್ಪಿಸಿದರೆ ಸಾಕು, ಬದುಕಿರುವ ಕುದುರೆಯ ಬೆಲೆಯೇ ಸಲ್ಲುತ್ತಿತ್ತು. ಅದೇ ನೂನಿಜ್ ತನ್ನ ಕಾಲದ ಲೆಕ್ಕವನ್ನೂ ಕೊಡುತ್ತಾನೆ: ವಿಜಯನಗರದ ಅರಸ ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದ, ನಾಡತಳಿಯ ಕುದುರೆಗಳ ಖರೀದಿಯೂ ಅದರ ಜೊತೆಗಿತ್ತು.

ಸತ್ತ ಕುದುರೆಯ ಬಾಲಕ್ಕೂ ಚಿನ್ನ ತೆರುವ ಸ್ಥಿತಿ ಒಂದು ಸಾಮ್ರಾಜ್ಯಕ್ಕೆ ಏಕೆ ಬಂತು? ಇದಕ್ಕೆ ಯುದ್ಧದ ಉತ್ತರ ನಮಗೆಲ್ಲ ಗೊತ್ತು. ಬಹಮನಿ ಸುಲ್ತಾನರ ಮತ್ತು ಅವರ ನಂತರ ಬಂದ ಶಾಹಿಗಳ ಅಶ್ವದಳವನ್ನು ಎದುರಿಸಲು ಅಶ್ವದಳವೇ ಬೇಕಿತ್ತು. ಆದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆ ಇದೆ. ಇಷ್ಟೊಂದು ಕುದುರೆಗಳನ್ನು ಪ್ರತಿವರ್ಷ ಹೊರಗಿನಿಂದ ತರಬೇಕಾಗಿದ್ದರೆ, ತಂದ ಕುದುರೆಗಳಿಂದ ಇಲ್ಲಿ ಬೇಕಾದಷ್ಟು ಮರಿ ಹುಟ್ಟಿ ಬೆಳೆಯುತ್ತಿರಲಿಲ್ಲ ಎಂದೇ ಅರ್ಥ. ಕುದುರೆಯ ಇತಿಹಾಸವನ್ನು ನಾವು ಸವಾರನ, ಲಾಯದ, ರಣರಂಗದ ಇತಿಹಾಸವಾಗಿ ಓದಿದ್ದೇವೆ. ಹೆಣ್ಣುಕುದುರೆಯ ಒಡಲಿನ ಕಡೆಯಿಂದ ಅದನ್ನು ಓದಿದವರು ಕಡಿಮೆ. ಕಳೆದೊಂದು ಶತಮಾನದಲ್ಲಿ ವಿಜ್ಞಾನ ಆ ಒಡಲಿನ ಬಗ್ಗೆ ಕಂಡುಕೊಂಡದ್ದು ಎಷ್ಟು ವಿಸ್ಮಯದ್ದೆಂದರೆ, ಹಳೆಯ ಕುದುರೆ ದಾರಿಯಲ್ಲೇ ನಿಂತು ಅದನ್ನು ಹೇಳಬೇಕು ಅನಿಸುತ್ತದೆ.

ಕಾಳಿಯ ಅಳಿವೆಯ ದಾರಿ

ಸದಾಶಿವಗಡದ ಗುಡ್ಡದ ಮೇಲೆ ನಿಂತರೆ ಕೆಳಗೆ ಕಾಳಿ ನದಿ ಕಡಲು ಸೇರುತ್ತದೆ. ಆಚೆ ದಡದಲ್ಲಿ ಕಾರವಾರ, ಕಡಲಿನಾಚೆ ಅಂಜುದಿವ್ ದ್ವೀಪ. ಈಗಿನ ಕೋಟೆ ಸೋದೆಯ ಅರಸ ಬಸವಲಿಂಗನದು. 17ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿ, ತನ್ನ ತಂದೆ ಸದಾಶಿವನ ಹೆಸರನ್ನು ಅದಕ್ಕಿಟ್ಟ. 1752ರಲ್ಲಿ ಪೋರ್ಚುಗೀಸರು ಹಿಡಿದರು, 1763ರಲ್ಲಿ ಹೈದರನ ಸೈನ್ಯ ಕಿತ್ತುಕೊಂಡಿತು. ಆದರೆ ಈ ಅಳಿವೆಯ ಮಹತ್ವ ಕೋಟೆಗಿಂತ ಹಳೆಯದು. ಗುಡ್ಡದ ಮಗ್ಗುಲಿನ ಚಿತ್ತಾಕುಲ ಪೋರ್ಚುಗೀಸರ ಬರಹಗಳಲ್ಲಿ ‘ಸಿಂತಾಕೋರಾ’ ಆಗಿ ಬರುತ್ತದೆ. 16ನೇ ಶತಮಾನದ ಆರಂಭದಲ್ಲಿ ಅದು ಬಿಜಾಪುರದ ಗಡಿ ಠಾಣೆ. ಹೊಳೆಯ ದಕ್ಷಿಣಕ್ಕೆ ವಿಜಯನಗರಕ್ಕೆ ನಡೆದುಕೊಳ್ಳುವ ನಾಡು. ಅಂಕೋಲಾ, ಹೊನ್ನಾವರ, ಭಟ್ಕಳದ ಬಂದರುಗಳು ಆ ಕಡೆಯವು.

ಕುದುರೆ ಬರುತ್ತಿದ್ದದ್ದು ಈ ಕರಾವಳಿಗೇ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿದ ಮೇಲೆ ಅರಬ್ಬೀ ಕುದುರೆಯ ವ್ಯಾಪಾರದ ಕೀಲಿಕೈ ಅವರದಾಯಿತು. 1547ರಲ್ಲಿ ಗೋವಾದ ಗವರ್ನರ್ ಜೊವಾವ್ ದ ಕಾಸ್ತ್ರೊ ವಿಜಯನಗರದೊಂದಿಗೆ ಮಾಡಿಕೊಂಡ ಒಪ್ಪಂದದ ಹುರುಳು ಇದೇ: ಕುದುರೆಗಳು ಬಿಜಾಪುರಕ್ಕೆ ಹೋಗಕೂಡದು, ವಿಜಯನಗರಕ್ಕೇ ಬರಬೇಕು. ಪ್ರತಿಯಾಗಿ ವಿಜಯನಗರದ ಬಟ್ಟೆ ಬಿಜಾಪುರದ ಬಂದರುಗಳಿಗೆ ಇಳಿಯದೆ ಅಂಕೋಲಾಕ್ಕೋ ಹೊನ್ನಾವರಕ್ಕೋ ಬರಬೇಕು. ಅಂಕೋಲಾದ ಹೆಸರು ಒಂದು ಕುದುರೆ ಒಪ್ಪಂದದ ಪತ್ರದಲ್ಲಿ ಹೀಗೆ ಉಳಿದಿದೆ. ಘಟ್ಟದ ಮೇಲಿನ ನೇಕಾರನ ಮಗ್ಗಕ್ಕೂ ಕೊಲ್ಲಿಯ ಕುದುರೆಗೂ ಗಂಟು ಹಾಕಿದ ಊರು ಅದು.

ಇಲ್ಲೇಕೆ ಹುಟ್ಟಲಿಲ್ಲ?

13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಕುದುರೆಗಳ ಬಗ್ಗೆ ಕಟುವಾಗಿಯೇ ಬರೆದ. ಅಲ್ಲಿನವರಿಗೆ ಕುದುರೆ ಸಾಕುವುದು ಗೊತ್ತಿಲ್ಲ, ಅನ್ನ ಮಾಂಸ ಬೇಯಿಸಿ ಹಾಕುತ್ತಾರೆ, ಒಳ್ಳೆಯ ಹೆಣ್ಣಿಗೆ ಒಳ್ಳೆಯ ಗಂಡನ್ನು ಕೂಡಿಸಿದರೂ ಹುಟ್ಟುವುದು ಕಾಲು ಸೊಟ್ಟಗಿನ ನಿಷ್ಪ್ರಯೋಜಕ ಮರಿ ಎಂದು. ಹೊರಗಿನವನ ಕಣ್ಣಿನ ಉತ್ಪ್ರೇಕ್ಷೆ ಅದರಲ್ಲಿ ಇರಬಹುದು. ದಖ್ಖನಿನ ಒಣ ಬಯಲಿನಲ್ಲಿ, ಭೀಮೆಯ ದಂಡೆಯಲ್ಲಿ ಗಟ್ಟಿಯಾದ ಚಿಕ್ಕ ಕುದುರೆಗಳು ಹುಟ್ಟಿ ಬೆಳೆದವು. ಭೀಮಥಡಿ ಎಂಬ ಆ ತಳಿಗೆ ಈಚೆಗೆ ಅಧಿಕೃತ ಮನ್ನಣೆಯೂ ಸಿಕ್ಕಿದೆ. ಆದರೆ ಕವಚಧಾರಿ ಸವಾರನನ್ನು ಹೊರುವ ದೊಡ್ಡ ಕುದುರೆಯನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಬೆಳೆಸುವುದು ದಕ್ಷಿಣದ ಯಾವ ರಾಜ್ಯಕ್ಕೂ ಆಗಲಿಲ್ಲ.

ಕಾರಣಗಳು ಹಲವು. ಕುದುರೆಗೆ ಬೇಕಾದ ಒಣ ಹುಲ್ಲುಗಾವಲು ಕರಾವಳಿಯಲ್ಲಿ ಇಲ್ಲ. ರಕ್ತ ಹೀರುವ ನೊಣಗಳು ಹರಡುವ ಸುರ್ರಾ ರೋಗ ಕುದುರೆಗೆ ಮಾರಕ; ಅದರ ರೋಗಾಣುವನ್ನು ಗ್ರಿಫಿತ್ ಇವಾನ್ಸ್ ಗುರುತಿಸಿದ್ದು 1880ರಲ್ಲಿ. ಅರಬ್ಬರು ಗಂಡುಕುದುರೆಯನ್ನು ಮಾರುತ್ತಿದ್ದರೇ ಹೊರತು ಒಳ್ಳೆಯ ಹೆಣ್ಣನ್ನು ಸುಲಭಕ್ಕೆ ಕೈಬಿಡುತ್ತಿರಲಿಲ್ಲ. ಕುದುರೆಯ ಸಂಪತ್ತು ಎಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು.

ಇಲ್ಲಿ ಒಂದು ಅನುಮಾನವನ್ನು ಬದಿಗಿಡಬಹುದು. ಹೆಣ್ಣುಕುದುರೆ ಬೆದೆಗೆ ಬರುವುದು ಹಗಲು ಉದ್ದವಾಗುವ ಕಾಲದಲ್ಲಿ. ಯುರೋಪಿನ ಚಳಿಗಾಲದಲ್ಲಿ ಅದರ ಅಂಡಾಶಯ ವಿಶ್ರಾಂತಿಯಲ್ಲಿರುತ್ತದೆ. ಕಾರವಾರದ ಅಕ್ಷಾಂಶ 15 ಡಿಗ್ರಿಯ ಹತ್ತಿರ. ಇಲ್ಲಿ ಹಗಲಿನ ಉದ್ದ ವರ್ಷವಿಡೀ ಅಷ್ಟೇನೂ ಬದಲಾಗದು. ಹಾಗಾಗಿ ಹಗಲನ್ನು ದೂರುವಂತಿಲ್ಲ. ಕುದುರೆ ಬೆದೆಗೆ ಬಂದೀತು, ಕೂಡಿಯೂ ಕೂಡೀತು. ಅದರ ನಂತರದ ಕೆಲವೇ ವಾರಗಳಲ್ಲಿ ಏನಾಗುತ್ತದೆ ಎಂಬುದನ್ನು ಆ ಕಾಲದ ಯಾವ ಪಂಡಿತನೂ ಕಾಣಲು ಸಾಧ್ಯವಿರಲಿಲ್ಲ. ಕನ್ನಡದಲ್ಲಿ ಪಶುವೈದ್ಯದ ಬರವಣಿಗೆ ಹಳೆಯದು. 12ನೇ ಶತಮಾನದ ಕೀರ್ತಿವರ್ಮ ‘ಗೋವೈದ್ಯ’ ಬರೆದ, 1400ರ ಸುಮಾರಿಗೆ ಅಭಿನವಚಂದ್ರ ಕುದುರೆಯ ವೈದ್ಯದ ಮೇಲೆ ಬರೆದ. ಅವರಿಗೆ ಕಣ್ಣು ಕೈ ಎರಡೇ ಸಾಧನ. ಗಬ್ಬದ ಮೊದಲ ತಿಂಗಳು ಕಣ್ಣಿಗೂ ಕೈಗೂ ಸಿಗುವಂಥದಲ್ಲ.

ಫಲಿತ ಅಂಡಕ್ಕೆ ಮಾತ್ರ ಬಾಗಿಲು

ಹೆಣ್ಣುಕುದುರೆಯ ಋತುಚಕ್ರ ಸುಮಾರು 21 ದಿನಗಳದು. ಬೆದೆ ಐದಾರು ದಿನ ಇರುತ್ತದೆ. ಅಂಡಾಶಯದಿಂದ ಹೊರಟ ಅಂಡ ನಾಳ ಸೇರಿ, ಅಲ್ಲಿ ವೀರ್ಯಾಣುವನ್ನು ಸಂಧಿಸುತ್ತದೆ. ಇಲ್ಲಿಂದಲೇ ಕುದುರೆ ಉಳಿದ ಸಾಕುಪ್ರಾಣಿಗಳಿಗಿಂತ ಬೇರೆಯಾಗುತ್ತದೆ. ಹಸುವಿನಲ್ಲಿ ಫಲಿಸಿದ ಅಂಡವೂ ಫಲಿಸದ ಅಂಡವೂ ಗರ್ಭಕೋಶಕ್ಕೆ ಇಳಿಯುತ್ತವೆ. ಕುದುರೆಯಲ್ಲಿ ಫಲಿಸಿದ್ದಕ್ಕೆ ಮಾತ್ರ ದಾರಿ. ಬೆಳೆಯುತ್ತಿರುವ ಭ್ರೂಣ ಪ್ರೋಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕವನ್ನು ಸ್ರವಿಸಿ ನಾಳದ ಸ್ನಾಯುವನ್ನು ಸಡಿಲಿಸುತ್ತದೆ. ಆರನೆಯ ದಿನದ ಹೊತ್ತಿಗೆ ಗರ್ಭಕೋಶದ ಒಳಕ್ಕೆ ಬರುತ್ತದೆ. ಫಲಿಸದ ಅಂಡಗಳು ನಾಳದಲ್ಲೇ ಉಳಿದು ತಿಂಗಳುಗಟ್ಟಲೆ ಸವೆಯುತ್ತವೆ. ದಕ್ಷಿಣ ಆಫ್ರಿಕಾದ ಫಾನ್ ನೀಕರ್ಕ್ ಮತ್ತು ಗೆರ್ನೆಕೆ 1966ರಲ್ಲಿ ಇದನ್ನು ತೋರಿಸಿಕೊಟ್ಟರು. ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಒಂದು ಜೀವ ತನ್ನ ಇರವನ್ನು ತಾಯಿಯ ದೇಹಕ್ಕೆ ತಿಳಿಸುವ ಮೊದಲ ಸಂದರ್ಭ ಇದು.

ಒಳಗೆ ಬಂದ ಒಡನೆ ಭ್ರೂಣದ ಸುತ್ತ ಒಂದು ಹೊದಿಕೆ ಮೂಡುತ್ತದೆ. ಸಕ್ಕರೆಯ ಸರಪಳಿಗಳನ್ನು ಹೊತ್ತ ಪ್ರೋಟೀನಿನಿಂದ ಆದ, ಪಾರದರ್ಶಕವಾದ, ಗಟ್ಟಿಯಾದ ಚಿಪ್ಪು. ವಿಜ್ಞಾನಿಗಳು ಇದನ್ನು ಕ್ಯಾಪ್ಸೂಲ್ ಎನ್ನುತ್ತಾರೆ. ಹಸು, ಕುರಿ, ಹಂದಿಗಳ ಭ್ರೂಣ ಎರಡನೆಯ ವಾರದ ಸುಮಾರಿಗೆ ಉದ್ದಕ್ಕೆ ಎಳೆದುಕೊಂಡು ದಾರದಂತಾಗಿ ಗರ್ಭಕೋಶದ ಗೋಡೆಗೆ ಹರಡಿಕೊಳ್ಳುತ್ತದೆ. ಕುದುರೆಯ ಭ್ರೂಣವನ್ನು ಈ ಚಿಪ್ಪು ಮೂರು ವಾರಗಳವರೆಗೆ ದುಂಡಗೇ ಹಿಡಿದಿಡುತ್ತದೆ. ಅದು ಗೋಡೆಗೆ ಅಂಟುವುದಿಲ್ಲ, ಬೇರು ಬಿಡುವುದಿಲ್ಲ. ಮನುಷ್ಯರಲ್ಲಿ ಭ್ರೂಣ ಮೊದಲ ಹತ್ತು ದಿನಗಳಲ್ಲೇ ಗರ್ಭಕೋಶದ ಗೋಡೆಯೊಳಗೆ ಹುದುಗಿಕೊಳ್ಳುತ್ತದೆ. ಕುದುರೆಯಲ್ಲಿ ಮಾಸಿನ ನಿಜವಾದ ಬೆಸುಗೆ ಶುರುವಾಗುವುದೇ ಸುಮಾರು 40ನೇ ದಿನ.

ಹಾಗಾದರೆ ಅಲ್ಲಿಯವರೆಗೆ ಅದಕ್ಕೆ ಉಣಿಸುವವರು ಯಾರು?

ಒಡಲ ಉಣಿಸು

ಗರ್ಭಕೋಶದ ಒಳಪದರದಲ್ಲಿ ಸಾವಿರಾರು ಸಣ್ಣ ಗ್ರಂಥಿಗಳಿವೆ. ಅಂಡಾಶಯದಿಂದ ಪ್ರೊಜೆಸ್ಟರಾನ್ ಹಾರ್ಮೋನು ಬರುತ್ತಿರುವವರೆಗೆ ಅವು ಸ್ರವಿಸುತ್ತಿರುತ್ತವೆ. ಈ ಸ್ರಾವವನ್ನು ಹಳೆಯ ಶರೀರಶಾಸ್ತ್ರಜ್ಞರು ಗರ್ಭಕೋಶದ ಹಾಲು ಎಂದೇ ಕರೆದಿದ್ದರು. ಅದರೊಳಗೆ ಏನೇನಿದೆ ಎಂದು ಬಿಡಿಸಿ ನೋಡುವ ಕೆಲಸ ಶುರುವಾದದ್ದು ಮೊಲದಲ್ಲಿ. 1967ರಲ್ಲಿ ಆರ್.ಎಸ್. ಕೃಷ್ಣನ್ ಮತ್ತು ಜೆ.ಸಿ. ಡೇನಿಯಲ್ ಮೊಲದ ಗರ್ಭಕೋಶದ ದ್ರವದಲ್ಲಿ ಭ್ರೂಣದ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನೊಂದನ್ನು ಕಂಡು ಅದಕ್ಕೆ ಬ್ಲಾಸ್ಟೋಕೈನಿನ್ ಎಂದು ಹೆಸರಿಟ್ಟರು. ಜರ್ಮನಿಯ ಹೆನಿಂಗ್ ಬೈಯರ್ ಅದೇ ಪ್ರೋಟೀನನ್ನು ಯುಟೆರೋಗ್ಲೋಬಿನ್ ಎಂದು ಕರೆದರು. ಮುಂದೆ ಹಂದಿಯ ಗರ್ಭಕೋಶದಿಂದ ನೇರಳೆ ಬಣ್ಣದ, ಕಬ್ಬಿಣ ಹೊತ್ತ ಯುಟೆರೋಫೆರಿನ್ ಸಿಕ್ಕಿತು. ತಾಯಿಯ ಕಬ್ಬಿಣವನ್ನು ಮರಿಗೆ ದಾಟಿಸುವುದು ಅದರ ಕೆಲಸ. ಯುಟೆರೋಗ್ಲೋಬಿನ್ ಮತ್ತು ಯುಟೆರೋಫೆರಿನ್ ಎರಡೂ ಕುದುರೆಯಲ್ಲಿಯೂ ಇವೆ.

ಕುದುರೆಗೇ ವಿಶಿಷ್ಟವಾದದ್ದು ಮಾತ್ರ ಮತ್ತೊಂದು. 19 ಕಿಲೋಡಾಲ್ಟನ್ ತೂಕದ ಕಾರಣಕ್ಕೆ ಮೊದಲು ಪಿ19 ಎನಿಸಿಕೊಂಡಿದ್ದ ಪ್ರೋಟೀನು ಈಗ ಯುಟೆರೋಕ್ಯಾಲಿನ್. ಇಂಗ್ಲೆಂಡಿನಲ್ಲಿ ಫ್ರಾನ್ಸೆಸ್ಕಾ ಸ್ಟೀವರ್ಟ್, ಡಬ್ಲ್ಯು.ಆರ್. ಆಲೆನ್ ಮತ್ತು ಸಂಗಾತಿಗಳು 1990ರ ದಶಕದಲ್ಲಿ ಇದನ್ನು ಬೆನ್ನಟ್ಟಿದರು. ಇದು ಲಿಪೊಕ್ಯಾಲಿನ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು; ಹಸುವಿನ ಹಾಲಿನಲ್ಲಿರುವ ಬೀಟಾ ಲ್ಯಾಕ್ಟೊಗ್ಲೋಬುಲಿನ್ ಕೂಡ ಇದೇ ಕುಟುಂಬದ್ದು. ಈ ಪ್ರೋಟೀನುಗಳ ಒಡಲಲ್ಲಿ ಒಂದು ಪೊಳ್ಳು ಇರುತ್ತದೆ. ನೀರಿನಲ್ಲಿ ಕರಗದ ಕೊಬ್ಬಿನ ಪದಾರ್ಥಗಳನ್ನು ಆ ಪೊಳ್ಳಿನಲ್ಲಿ ಇಟ್ಟುಕೊಂಡು ದಾಟಿಸಬಲ್ಲವು. ಯುಟೆರೋಕ್ಯಾಲಿನ್ ಹೊತ್ತೊಯ್ಯುವುದು ಕೊಬ್ಬಿನಾಮ್ಲಗಳನ್ನು ಮತ್ತು ವಿಟಮಿನ್ ಎ ರೂಪವಾದ ರೆಟಿನಾಲನ್ನು. ಅಂಗಾಂಗಗಳು ರೂಪುಗೊಳ್ಳಬೇಕಾದರೆ ಎರಡೂ ಬೇಕು.

ಈ ಪ್ರೋಟೀನಿನ ರಚನೆಯೇ ಮರಿಗಾಗಿ ಎಂಬಂತಿದೆ. ದೇಹ ತಾನೇ ತಯಾರಿಸಿಕೊಳ್ಳಲಾರದ ಅಗತ್ಯ ಅಮೈನೋ ಆಮ್ಲಗಳು ಇದರಲ್ಲಿ ಅಸಾಧಾರಣ ಪ್ರಮಾಣದಲ್ಲಿವೆ. ಹೊರೆ ಇಳಿಸಿದ ಮೇಲೆ ಹೊತ್ತು ತಂದ ಪ್ರೋಟೀನೂ ಆಹಾರವೇ ಆಗಬಹುದು ಎಂಬುದು ವಿಜ್ಞಾನಿಗಳ ತರ್ಕ. ಭ್ರೂಣದ ಚಿಪ್ಪಿನಲ್ಲಿ ಸಯಾಲಿಕ್ ಆಮ್ಲ ತುಂಬಿರುವುದರಿಂದ ಅದು ಋಣ ವಿದ್ಯುದಂಶದ್ದು. ಯುಟೆರೋಕ್ಯಾಲಿನ್ ಧನ ವಿದ್ಯುದಂಶದ್ದು. ಹಾಗಾಗಿ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಚಿಪ್ಪನ್ನು ದಾಟಿದ ಯುಟೆರೋಕ್ಯಾಲಿನ್ ಭ್ರೂಣದೊಳಗಿನ ಹಳದಿ ಚೀಲದ ದ್ರವದಲ್ಲಿಯೂ ಸಿಗುತ್ತದೆ. ಚಿಪ್ಪು ಕರಗಿಹೋಗುವ ಮೂರನೆಯ ವಾರದ ಕೊನೆಯ ಹೊತ್ತಿಗೆ ಯುಟೆರೋಕ್ಯಾಲಿನ್ ಸ್ರಾವವೂ ಇಳಿದುಹೋಗುತ್ತದೆ. ಎಷ್ಟು ದಿನ ಬೇಕೋ ಅಷ್ಟು ದಿನ, ಯಾರಿಗೆ ಬೇಕೋ ಅವರಿಗಾಗಿ. ಹೊರಗಿನಿಂದ ನೋಡುವವರಿಗೆ ಆ ಕುದುರೆಯಲ್ಲಿ ಒಂದಿನಿತೂ ವ್ಯತ್ಯಾಸ ಕಾಣದು.

ಒಂದು ಮೂಲೆಯನ್ನೂ ಬಿಡದ ತಿರುಗಾಟ

ಹೊಟ್ಟೆ ತುಂಬಿದರೆ ಸಾಲದು, ತಾನು ಬಂದಿರುವ ಸುದ್ದಿಯನ್ನೂ ಭ್ರೂಣ ತಾಯಿಗೆ ಮುಟ್ಟಿಸಬೇಕು. ಬೆದೆಯ ನಂತರ 14-15ನೇ ದಿನದ ಸುಮಾರಿಗೆ, ಗಬ್ಬ ನಿಂತಿಲ್ಲವೆಂದಾದರೆ, ಗರ್ಭಕೋಶವೇ ಪ್ರೋಸ್ಟಗ್ಲಾಂಡಿನ್ ಎಫ್2 ಆಲ್ಫಾ ಬಿಡುಗಡೆ ಮಾಡುತ್ತದೆ. ಅದು ಅಂಡಾಶಯದಲ್ಲಿ ಪ್ರೊಜೆಸ್ಟರಾನ್ ಸ್ರವಿಸುವ ಹಳದಿ ಗ್ರಂಥಿಯನ್ನು ಕರಗಿಸುತ್ತದೆ. ಪ್ರೊಜೆಸ್ಟರಾನ್ ನಿಂತರೆ ಗ್ರಂಥಿಗಳ ಉಣಿಸೂ ನಿಲ್ಲುತ್ತದೆ, ಕುದುರೆ ಮತ್ತೆ ಬೆದೆಗೆ ಬರುತ್ತದೆ. ಆ ಬಿಡುಗಡೆಯನ್ನು ತಡೆಯುವುದೇ ಭ್ರೂಣದ ಮುಂದಿರುವ ಕೆಲಸ. ಹಸುವಿನಲ್ಲಿ ಈ ಪ್ರೋಸ್ಟಗ್ಲಾಂಡಿನ್ ಪಕ್ಕದ ಅಂಡಾಶಯಕ್ಕೆ ನೇರವಾಗಿ ತಲುಪುತ್ತದೆ. ಕುದುರೆಯಲ್ಲಿ ಇಡೀ ದೇಹದ ರಕ್ತದಲ್ಲಿ ಸುತ್ತಿ ಹೋಗುತ್ತದೆ. ಆದ್ದರಿಂದ ಗರ್ಭಕೋಶದ ಯಾವ ಭಾಗದಿಂದ ಬಿಡುಗಡೆಯಾದರೂ ಅಪಾಯವೇ. ಇಡೀ ಗರ್ಭಕೋಶವನ್ನು ಒಪ್ಪಿಸಬೇಕು.

ದುಂಡಗಿನ ಪುಟ್ಟ ಭ್ರೂಣ ಅದಕ್ಕೆ ಹಿಡಿದ ದಾರಿ ತಿರುಗಾಟ. ಗರ್ಭಕೋಶದ ಸ್ನಾಯುಗಳು ಹಿಂಡಿದಂತೆಲ್ಲ ಅದು ಗರ್ಭಕೋಶದ ಒಂದು ಕವಲಿನ, ಅಂದರೆ ಕೊಂಬಿನ, ತುದಿಯಿಂದ ಇನ್ನೊಂದು ಕೊಂಬಿನ ತುದಿಗೆ, ನಡುವಿನ ಕೋಶಕ್ಕೆ, ಮತ್ತೆ ಹಿಂದಕ್ಕೆ ಉರುಳುತ್ತದೆ. ಮದುವೆಯ ಕರೆಯ ಹೇಳಲು ಹೊರಟವರು ಕೇರಿಯ ಒಂದು ಮನೆಯನ್ನೂ ಬಿಡದೆ ಹೋಗಿ ಬರುವಂತೆ. ದಿನಕ್ಕೆ ಹಲವು ಸುತ್ತು ಈ ಸಂಚಾರ ನಡೆಯುತ್ತದೆ. 11ರಿಂದ 14ನೇ ದಿನದವರೆಗೆ ಅದರ ಬಿರುಸು ಹೆಚ್ಚು. 1980ರಲ್ಲಿ ಫ್ರಾನ್ಸಿನ ಪಾಲ್ಮೆರ್ ಮತ್ತು ದ್ರಿಯಾಂಕೂರ್ ಕುದುರೆಯ ಗರ್ಭಕೋಶವನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುವ ದಾರಿ ತೆರೆದರು. 1983ರಲ್ಲಿ ಅಮೆರಿಕದ ಒ.ಜೆ. ಗಿಂತರ್ ಈ ಸಂಚಾರವನ್ನು ವಿವರವಾಗಿ ದಾಖಲಿಸಿದರು. 1988ರಲ್ಲಿ ಪ್ರಕಟವಾದ ಪ್ರಯೋಗವೊಂದು ಇನ್ನೂ ಸ್ಪಷ್ಟ ಪುರಾವೆ ಒದಗಿಸಿತು: ಭ್ರೂಣ ಗರ್ಭಕೋಶದ ಒಂದು ಭಾಗದಲ್ಲೇ ಉಳಿಯುವಂತೆ ಕಟ್ಟಿಹಾಕಿದರೆ ಗಬ್ಬ ನಿಲ್ಲುವುದಿಲ್ಲ.

16ನೇ ದಿನದ ಹೊತ್ತಿಗೆ ಭ್ರೂಣ ಎರಡು ಸೆಂಟಿಮೀಟರಿಗೂ ಹೆಚ್ಚು ದಪ್ಪವಾಗಿರುತ್ತದೆ. ಗರ್ಭಕೋಶದ ಸ್ನಾಯು ಬಿಗಿಯುತ್ತದೆ. ಚಿಪ್ಪಿನ ಸಯಾಲಿಕ್ ಆಮ್ಲ ಕಡಿಮೆಯಾಗುತ್ತದೆ. ಒಂದು ಕೊಂಬಿನ ಬುಡದಲ್ಲಿ ಭ್ರೂಣ ನಿಲ್ಲುತ್ತದೆ. 24-25ನೇ ದಿನದ ಸುಮಾರಿಗೆ ಹೃದಯದ ಮಿಡಿತ ಪರದೆಯ ಮೇಲೆ ಕಾಣುತ್ತದೆ.

ಸುದ್ದಿ ಯಾವ ಭಾಷೆಯಲ್ಲಿ ಮುಟ್ಟಿತು? ಹಸುವಿನ ಭ್ರೂಣದ ಸಂದೇಶ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನು. ಹಂದಿಯಲ್ಲಿ ಅದು ಈಸ್ಟ್ರೋಜೆನ್. ಕುದುರೆಯ ಭ್ರೂಣ ತಾಯಿಗೆ ಕೊಡುವ ಆ ಸಂಜ್ಞೆ ಯಾವುದೆಂದು ಇಂದಿಗೂ ಜಗತ್ತಿನ ಯಾವ ಪ್ರಯೋಗಾಲಯವೂ ಖಚಿತವಾಗಿ ಹೇಳಿಲ್ಲ. ಇಷ್ಟು ಹಳೆಯ ಒಡನಾಡಿಯ ಬಗ್ಗೆ ಇಷ್ಟು ಮೂಲಭೂತವಾದ ಪ್ರಶ್ನೆ ಉತ್ತರವಿಲ್ಲದೆ ಉಳಿದಿದೆ. ಪಶುವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳಲ್ಲಿ ಯಾರಾದರೊಬ್ಬರು ಇದನ್ನು ಹಿಡಿದು ಹೊರಡಲಿ ಎಂಬುದು ನನ್ನ ಹಂಬಲ.

36ನೇ ದಿನ ತಿರುಗುವ ಕೀಲಿ

ಐದನೆಯ ವಾರ ಮುಗಿಯುವಾಗ ಭ್ರೂಣದ ಸುತ್ತಲಿನ ಒಂದು ಪಟ್ಟಿಯ ಜೀವಕೋಶಗಳು ಹೊರಟು ತಾಯಿಯ ಗರ್ಭಕೋಶದ ಗೋಡೆಯೊಳಗೆ ನುಗ್ಗಿ ನೆಲೆಯೂರುತ್ತವೆ. ಅಲ್ಲಿ ಬಟ್ಟಲಿನ ಆಕಾರದ ಗಂಟುಗಳಾಗುತ್ತವೆ. ಇದು 36ರಿಂದ 38ನೇ ದಿನದ ಘಟನೆ. ಆ ಬಟ್ಟಲುಗಳು ಸ್ರವಿಸುವ ಹಾರ್ಮೋನು ಸುಮಾರು 40ನೇ ದಿನದಿಂದ 120ನೇ ದಿನದವರೆಗೆ ತಾಯಿಯ ರಕ್ತದಲ್ಲಿ ಇರುತ್ತದೆ. 1930ರಲ್ಲಿ ಕ್ಯಾಲಿಫೋರ್ನಿಯಾದ ಕೋಲ್ ಮತ್ತು ಹಾರ್ಟ್ ಇದನ್ನು ಕಂಡುಹಿಡಿದರು. ಪಶುವೈದ್ಯರ ಬಾಯಲ್ಲಿ ಇದರ ಹೆಸರು ಪಿಎಂಎಸ್‌ಜಿ. ಈ ಹಾರ್ಮೋನಿನಿಂದ ಅಂಡಾಶಯದಲ್ಲಿ ಹೆಚ್ಚುವರಿ ಹಳದಿ ಗ್ರಂಥಿಗಳು ಹುಟ್ಟಿ ಪ್ರೊಜೆಸ್ಟರಾನ್ ಪೂರೈಕೆ ಗಟ್ಟಿಯಾಗುತ್ತದೆ. ಬಟ್ಟಲುಗಳು ಮರಿಯ ಜೀವಕೋಶಗಳಿಂದ ಆದವು, ತಾಯಿಯವಲ್ಲ ಎಂದು 1970ರ ದಶಕದಲ್ಲಿ ಆಲೆನ್ ತೋರಿಸಿದರು. ತಾಯಿಯ ಬಿಳಿ ರಕ್ತಕಣಗಳು ಅವನ್ನು ಪರಕೀಯವೆಂದು ಗುರುತಿಸಿ ಸುತ್ತುವರಿದು ಕೊನೆಗೆ ಕಳಚಿಹಾಕುತ್ತವೆ. ಆ ವೇಳೆಗೆ ಮಾಸು ತನ್ನ ಕಾಲ ಮೇಲೆ ನಿಂತಿರುತ್ತದೆ.

ಕುದುರೆ ಸಾಕುವವರಿಗೆ ಈ ದಿನದ ಮಹತ್ವ ದೊಡ್ಡದು. ಬಟ್ಟಲುಗಳು ಮೂಡಿದ ಮೇಲೆ ಮರಿ ಸತ್ತರೂ ಬಟ್ಟಲುಗಳು ಉಳಿದುಕೊಂಡು ಸ್ರವಿಸುತ್ತಲೇ ಇರುತ್ತವೆ. ಕುದುರೆ ಸರಿಯಾಗಿ ಬೆದೆಗೆ ಮರಳದು. ರಕ್ತ ಪರೀಕ್ಷೆ ಮಾಡಿದರೆ ಗಬ್ಬವಿದೆ ಎಂದೇ ಬರುತ್ತದೆ. ಆ ವರ್ಷದ ಹಂಗಾಮು ಕೈತಪ್ಪಿಹೋಗುತ್ತದೆ. ಅವಳಿಯ ವಿಷಯವೂ ಇಂಥದ್ದೇ. ಕುದುರೆಯ ಮಾಸು ಗರ್ಭಕೋಶದ ಇಡೀ ಒಳಮೈಗೆ ಹರಡಿಕೊಳ್ಳುವಂಥದ್ದು. ಇಬ್ಬರಿಗೆ ಅಲ್ಲಿ ಜಾಗ ಸಾಲದು. ಅವಳಿ ನಿಂತ ಕುದುರೆ ಎಷ್ಟೋ ಸಲ ತಿಂಗಳು ತುಂಬುವ ಮುನ್ನ ಎರಡನ್ನೂ ಕಂದು ಹಾಕುತ್ತದೆ. ಭ್ರೂಣಗಳು ಇನ್ನೂ ತಿರುಗಾಡುತ್ತಿರುವ 14ರಿಂದ 16ನೇ ದಿನದೊಳಗೆ ಸ್ಕ್ಯಾನ್ ಮಾಡಿದರೆ ವೈದ್ಯರು ಎರಡನ್ನೂ ಬೇರ್ಪಡಿಸಿ, ಒಂದನ್ನು ಒತ್ತಿ ತೆಗೆದು ಇನ್ನೊಂದನ್ನು ಉಳಿಸಬಲ್ಲರು.

ಪಿಎಂಎಸ್‌ಜಿಯ ಇನ್ನೊಂದು ಮುಖವನ್ನೂ ಹೇಳಲೇಬೇಕು. ದನ, ಕುರಿ, ಹಂದಿಗಳನ್ನು ಬೆದೆಗೆ ತರಲು, ಹೆಚ್ಚು ಅಂಡ ಪಡೆಯಲು ಈ ಹಾರ್ಮೋನು ಔಷಧವಾಗಿ ಬಳಕೆಯಲ್ಲಿದೆ. ಅದಕ್ಕಾಗಿ ಐಸ್‌ಲ್ಯಾಂಡ್, ಉರುಗ್ವೆ, ಅರ್ಜೆಂಟೀನಾಗಳಲ್ಲಿ ಗಬ್ಬದ ಕುದುರೆಗಳಿಂದ ರಕ್ತ ತೆಗೆಯುತ್ತ ಬಂದಿದ್ದಾರೆ. ಪ್ರಾಣಿಪರ ಸಂಘಟನೆಗಳು ಇದನ್ನು ವಿರೋಧಿಸುತ್ತ ಬಂದಿವೆ, ಆ ವಿರೋಧ ನ್ಯಾಯವಾದದ್ದು. ಮರಿಯನ್ನು ಉಳಿಸಲೆಂದು ಒಡಲು ಮಾಡಿಕೊಂಡ ಏರ್ಪಾಡನ್ನು ಸೂಜಿಯಲ್ಲಿ ಎಳೆದು ಮಾರುವಾಗ ಆ ತಾಯಿಗೆ ಏನಾಗುತ್ತದೆ ಎಂಬುದನ್ನು ಕೊಳ್ಳುವವರು ಕೇಳಬೇಕು.

ಕುಣಿಗಲ್ಲಿನಿಂದ ಬಿಕಾನೇರಿಗೆ

ಕರ್ನಾಟಕದಲ್ಲಿ ಕುದುರೆಯ ಮರಿ ಹುಟ್ಟಿಸುವ ಕಸುಬಿಗೆ ದೊಡ್ಡ ಹೆಸರು ಕುಣಿಗಲ್. ತುಮಕೂರು ಜಿಲ್ಲೆಯ ಆ ವಿಶಾಲ ಕಾವಲು ಹೈದರ್-ಟಿಪ್ಪು ಕಾಲದ ಸೈನ್ಯದ ಕುದುರೆಗಳೊಂದಿಗೆ ತಳುಕು ಹಾಕಿಕೊಂಡದ್ದು. ಮೈಸೂರು ಸರ್ಕಾರದ ಕೈಯಲ್ಲಿ ಬೆಳೆಯಿತು. 1992ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಗಿ ರೇಸಿನ ಥರೋಬ್ರೆಡ್ ಕುದುರೆಗಳ ಫಾರಂ ಆಯಿತು. ಕರಾವಳಿಯಲ್ಲಿ ಆಗದ್ದು ಘಟ್ಟದ ಮೇಲಿನ ಒಣ ಹವೆಯಲ್ಲಿ, ಒಳ್ಳೆಯ ಹುಲ್ಲು ಮತ್ತು ನಿತ್ಯದ ವೈದ್ಯಕೀಯ ಕಣ್ಗಾವಲಿನಲ್ಲಿ ಆಯಿತು. ಥರೋಬ್ರೆಡ್ ಲೋಕದ ನಿಯಮ ಕಟ್ಟುನಿಟ್ಟು: ಕೃತಕ ಗರ್ಭಧಾರಣೆ ಇಲ್ಲ, ಭ್ರೂಣ ವರ್ಗಾವಣೆ ಇಲ್ಲ. ಗಂಡು ಹೆಣ್ಣು ಕೂಡಿಯೇ ಮರಿಯಾಗಬೇಕು. ಎಲ್ಲ ಮರಿಗಳ ಹುಟ್ಟುಹಬ್ಬವನ್ನೂ ಜನವರಿ 1ಕ್ಕೇ ಲೆಕ್ಕ ಹಾಕುತ್ತಾರೆ. ಗಬ್ಬದ ಅವಧಿ ಹನ್ನೊಂದು ತಿಂಗಳು. ಹೀಗಿರುವಾಗ ಒಂದು ಚಕ್ರ ವ್ಯರ್ಥವಾದರೂ ಮರಿ ತಡವಾಗಿ ಹುಟ್ಟಿ ಓಟದಲ್ಲಿ ಹಿಂದುಳಿಯುತ್ತದೆ. ಆದ್ದರಿಂದಲೇ ಮೊದಲ ಮೂರು ವಾರಗಳ ಮೇಲೆ ರೇಸಿನ ಲೋಕ ಅಷ್ಟು ಕಣ್ಣಿಟ್ಟಿದೆ.

ರೇಸಿನಾಚೆಯ ಕುದುರೆಗಳಿಗಾಗಿ ದುಡಿಯುತ್ತಿರುವುದು ಹಿಸಾ‌ರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. 1985ರಲ್ಲಿ ಸ್ಥಾಪನೆಯಾದದ್ದು. ಹೆಣ್ಣುಕುದುರೆಯ ರಕ್ತದಲ್ಲಿ ಪಿಎಂಎಸ್‌ಜಿ ಗುರುತಿಸಿ ಗಬ್ಬ ಪತ್ತೆ ಮಾಡುವ ಕಿಟ್ ಅನ್ನು ಅದು ರೂಪಿಸಿದೆ. ಅದರ ಬಿಕಾನೇರ್ ಆವರಣದಲ್ಲಿ 2022ರ ಮೇ 19ರಂದು ಬಾಡಿಗೆ ತಾಯಿಯ ಒಡಲಿನಿಂದ 23 ಕಿಲೋ ತೂಕದ ಮಾರ್ವಾಡಿ ಹೆಣ್ಣುಮರಿ ಹುಟ್ಟಿತು. ಹೆಸರು ರಾಜ್-ಪ್ರಥಮ್. ಏಳೂವರೆ ದಿನದ ಭ್ರೂಣವನ್ನು ಒಂದು ಕುದುರೆಯಿಂದ ತೆಗೆದು ಇನ್ನೊಂದಕ್ಕೆ ಸೇರಿಸಿ ಪಡೆದದ್ದು. ಏಳೂವರೆ ದಿನ ಎಂದರೆ ಚಿಪ್ಪು ಆಗಷ್ಟೇ ಮೂಡಿದ, ಗರ್ಭಕೋಶದ ಉಣಿಸು ಆಗಷ್ಟೇ ಶುರುವಾದ ಗಳಿಗೆ. ಆ ಭ್ರೂಣಕ್ಕೆ ಹೊಸ ಒಡಲು ತನ್ನದಲ್ಲದಿದ್ದರೂ ಅದೇ ಪ್ರೋಟೀನುಗಳನ್ನು ಬಡಿಸಿತು. ಬಾಡಿಗೆ ತಾಯಿಯ ಋತುಚಕ್ರ ದಾನಿಯ ಚಕ್ರಕ್ಕೆ ಹೊಂದಿಕೆಯಾಗಿರಬೇಕು ಎಂದು ವೈದ್ಯರು ಪಟ್ಟುಹಿಡಿಯುವುದು ಇದೇ ಕಾರಣಕ್ಕೆ. ಉಣಿಸು ಸಿದ್ಧವಾಗುವ ಮೊದಲೇ ಅತಿಥಿ ಬರಬಾರದು, ಮುಗಿದ ಮೇಲೂ ಬರಬಾರದು.

ತಾಯಿಯ ಆರೈಕೆಯೇ ತಳಿಯ ಆರೈಕೆ

ಗಬ್ಬ ನಿಲ್ಲದಿದ್ದಾಗ ದೂರು ಬೀಳುವುದು ಸಾಮಾನ್ಯವಾಗಿ ಗಂಡಿನ ಬೀಜದ ಮೇಲೆ, ಇಲ್ಲವೇ ಹಣೆಬರಹದ ಮೇಲೆ. ಗರ್ಭಕೋಶದ ಗ್ರಂಥಿಗಳ ಸ್ಥಿತಿಯನ್ನು ಕೇಳುವವರು ವಿರಳ. ಕುದುರೆಗೆ ವಯಸ್ಸಾದಂತೆ, ಸೋಂಕುಗಳು ಮರುಕಳಿಸಿದಂತೆ ಆ ಗ್ರಂಥಿಗಳ ಸುತ್ತ ನಾರು ಕಟ್ಟುತ್ತದೆ. ಉಣಿಸುವ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಅಮೆರಿಕದ ಪಶುವೈದ್ಯ ಆರ್.ಎಂ. ಕೆನ್ನಿ ಗರ್ಭಕೋಶದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ದರ್ಜೆ ಕೊಡುವ ಪದ್ಧತಿಯನ್ನು 1978ರಲ್ಲಿ ತಂದರು. ಮುಂದೆ ಡಾಯ್ಗ್ ಜೊತೆ ಅದನ್ನು ಪರಿಷ್ಕರಿಸಿದರು. ಗ್ರಂಥಿಗಳು ಆರೋಗ್ಯವಾಗಿದ್ದ ಮೊದಲ ದರ್ಜೆಯ ಕುದುರೆಗಳಲ್ಲಿ ಮರಿ ಹಾಕುವ ಸಾಧ್ಯತೆ ಶೇ 80ರಿಂದ 90. ನಾರು ಕಟ್ಟಿದ ಕೊನೆಯ ದರ್ಜೆಯಲ್ಲಿ ಅದು ಶೇ 10ಕ್ಕೂ ಕಡಿಮೆ. ಗಂಡು ಅದೇ ಆಗಿರಲಿ, ಲಾಯ ಅದೇ ಆಗಿರಲಿ, ಮರಿಯ ಭವಿಷ್ಯವನ್ನು ನಿರ್ಧರಿಸುವುದು ಈ ಒಳಪದರ.

ಕಾರವಾರ, ಅಂಕೋಲಾದ ಓದುಗರಿಗೆ ಕುದುರೆ ದೂರದ ಪ್ರಾಣಿಯಾಗಿರಬಹುದು. ಹಟ್ಟಿಯ ಹಸು ದೂರದ್ದಲ್ಲ. ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಿದ ಹಸು ಮೂರು ವಾರಕ್ಕೆ ತಿರುಗಿ ಬೆದೆಗೆ ಬಂದರೆ ಗಬ್ಬ ಕಟ್ಟಲೇ ಇಲ್ಲ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅಂಡ ಫಲಿಸಿರುತ್ತದೆ, ಭ್ರೂಣ ಬೆಳೆಯುತ್ತಿರುತ್ತದೆ. ಹಸುವಿನಲ್ಲಿಯೂ ಭ್ರೂಣಗಳು ಅಳಿಯುವುದು ಹೆಚ್ಚಾಗಿ ಮೊದಲ ಎರಡು ವಾರಗಳ ಆಸುಪಾಸಿನಲ್ಲೇ. ಆ ದಿನಗಳಲ್ಲಿ ಬಿಸಿಲಿನ ಧಗೆ, ಮೇವಿನ ಕೊರತೆ, ವಾಸಿಯಾಗದ ಗರ್ಭಕೋಶದ ಸೋಂಕು ಇವು ಕಣ್ಣಿಗೆ ಕಾಣದ ಮರಿಯನ್ನು ಕೊಲ್ಲುತ್ತವೆ. ಬಂಜೆ ಎಂದು ಮಾರಿಬಿಡುವ ಮುನ್ನ ಗರ್ಭಕೋಶವನ್ನು ಪರೀಕ್ಷಿಸಿ ಚಿಕಿತ್ಸೆ ಕೊಡಿಸುವುದು ಆ ಪ್ರಾಣಿಗೆ ನಾವು ಸಲ್ಲಿಸಬೇಕಾದ ನ್ಯಾಯ.

ಟಾಂಗಾ, ಸಾರೋಟು, ಮದುವೆಯ ಮೆರವಣಿಗೆಗಳಲ್ಲಿ ದುಡಿಯುವ ಹೆಣ್ಣುಕುದುರೆಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ರೇಸಿನ ಕುದುರೆಗೆ ಸಿಗುವ ಗಮನದ ಒಂದಂಶವೂ ಅವುಗಳಿಗೆ ಸಿಗುವುದಿಲ್ಲ. ಅವುಗಳ ಯಜಮಾನರಿಗೆ ಹೇಳಬೇಕಾದದ್ದು ನಾಲ್ಕು ಮಾತು. ಕೂಡಿಸಿದ ದಿನವನ್ನು ಬರೆದಿಡಿ. 14ರಿಂದ 16ನೇ ದಿನದೊಳಗೆ ಒಮ್ಮೆ ಸ್ಕ್ಯಾನ್ ಮಾಡಿಸಿ, ಅವಳಿಯಿದ್ದರೆ ತಿಳಿಯುತ್ತದೆ. 35ನೇ ದಿನ ದಾಟುವ ಮೊದಲು ಇನ್ನೊಮ್ಮೆ ಮಾಡಿಸಿ, ಭ್ರೂಣ ಅಳಿದಿದ್ದರೆ ಆ ಹಂಗಾಮಿನಲ್ಲೇ ಮತ್ತೆ ಪ್ರಯತ್ನಿಸಬಹುದು. ಆ ಐದು ವಾರ ದೂರದ ಪ್ರಯಾಣ, ಸುಡುಬಿಸಿಲಿನ ದುಡಿಮೆ, ಮೇವಿನ ದಿಢೀರ್ ಬದಲಾವಣೆ ಬೇಡ. ಸರ್ಕಾರ ಮಾಡಬೇಕಾದದ್ದು ಇನ್ನೂ ಸರಳ: ಕುದುರೆಗಳು ಇರುವ ಪ್ರತಿ ಜಿಲ್ಲೆಯ ಪಶು ಆಸ್ಪತ್ರೆಯಲ್ಲಿ ಒಂದು ಸ್ಕ್ಯಾನರ್, ಅದನ್ನು ಕುದುರೆಗೆ ಬಳಸಲು ತರಬೇತಾದ ಒಬ್ಬ ವೈದ್ಯರು. ವರ್ಷಕ್ಕೆ 13,000 ಕುದುರೆ ಕೊಳ್ಳಬಲ್ಲ ಸಂಪತ್ತು ವಿಜಯನಗರಕ್ಕಿತ್ತು, ಒಡಲೊಳಗಿನದನ್ನು ಕಾಣುವ ಸಾಧನ ಇರಲಿಲ್ಲ. ನಮ್ಮಲ್ಲಿ ಸಾಧನವಿದೆ. ಅದನ್ನು ಬಡವನ ಕುದುರೆಯ ಬಳಿಗೆ ಒಯ್ಯುವ ಮನಸ್ಸು ಮಾಡುವುದಷ್ಟೇ ಬಾಕಿ.